ಥೀಫ್ (1981): ತಿಜೋರಿ ಕೊರೆಯುವವನ ಹಂಗಿನ ಸಂಸಾರ

ಮೊದಲ ಹತ್ತು ನಿಮಿಷ ಮಾತೇ ಇಲ್ಲ ಅನ್ನಬಹುದು. ಶಿಕಾಗೋದ ರಾತ್ರಿ, ಜೋರು ಮಳೆ. ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಕಬ್ಬಿಣದ ಮೆಟ್ಟಿಲುಗಳ ಮೇಲಿಂದ ನೀರು ಸುರಿಯುತ್ತಿದೆ. ಒಬ್ಬ ಕಾರಿನಲ್ಲಿ ಕೂತು ಪೊಲೀಸರ ವೈರ್‌ಲೆಸ್ ಆಲಿಸುತ್ತಿದ್ದಾನೆ, ಇನ್ನೊಬ್ಬ ಅಲಾರಂ ತಂತಿಗಳ ಗೋಜಲಿನಲ್ಲಿ ಮೀಟರ್ ಹಿಡಿದು ಕೂತಿದ್ದಾನೆ, ಮೂರನೆಯವನು ತಿಜೋರಿಯ ಮುಂದೆ. ಅವನೇ ಫ್ರ್ಯಾಂಕ್. ಡ್ರಿಲ್ ಉಕ್ಕನ್ನು ಕೊರೆಯುತ್ತಿರುವಾಗ ಲೋಹದ ಸುರುಳಿ ಹೊರಗೆ ಬರುವುದನ್ನು ಕ್ಯಾಮೆರಾ ತೀರಾ ಹತ್ತಿರದಿಂದ ತೋರಿಸುತ್ತದೆ. ಬಾಗಿಲು ತೆರೆದ ಮೇಲೆ ಡ್ರಾಯರ್‌ಗಳನ್ನು ಒಂದೊಂದಾಗಿ ಎಳೆದು, ಬೇಡದ್ದನ್ನೆಲ್ಲ ನೆಲಕ್ಕೆ ಎಸೆದು, ವಜ್ರದ ಪೊಟ್ಟಣಗಳನ್ನು ಮಾತ್ರ ಎತ್ತಿಕೊಂಡು ಹೊರಡುತ್ತಾನೆ. ಮುಖದಲ್ಲಿ ಗಾಬರಿಯೂ ಇಲ್ಲ, ಸಂತೋಷವೂ ಇಲ್ಲ. ಪಾಳಿ ಮುಗಿಸಿ ಮನೆಗೆ ಹೊರಟ ಫಿಟ್ಟರ್ ಥರ ಇರುತ್ತಾನೆ.

ಮೈಕಲ್ ಮ್ಯಾನ್ ಚಿತ್ರಮಂದಿರಕ್ಕೆಂದು ಮಾಡಿದ ಮೊದಲ ಸಿನಿಮಾ ಇದು. ಅದಕ್ಕೂ ಮೊದಲು, 1979ರಲ್ಲಿ, ಅವರು ಟಿವಿಗೆ ಒಂದು ಚಿತ್ರ ಮಾಡಿದ್ದರು. ಅದರ ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ಫಾಲ್ಸಂ ಜೈಲಿನೊಳಗೆ, ಅಲ್ಲಿನ ಕೈದಿಗಳ ನಡುವೆ. ಜೈಲಿನಲ್ಲಿ ವರ್ಷಗಟ್ಟಲೆ ಕಳೆದವನ ನಡೆ, ಮಾತು, ಅವಸರ ಹೇಗಿರುತ್ತದೆ ಅನ್ನುವುದನ್ನು ಮ್ಯಾನ್ ಅಲ್ಲಿ ಹತ್ತಿರದಿಂದ ಕಂಡಿದ್ದರು. ಆ ತಿಳಿವಳಿಕೆ 'ಥೀಫ್'ನ ಪ್ರತಿ ದೃಶ್ಯದಲ್ಲೂ ಕಾಣುತ್ತದೆ. ಫ್ರ್ಯಾಂಕ್ ಪಾತ್ರದಲ್ಲಿ ಜೇಮ್ಸ್ ಕಾನ್, ಅವನು ಮದುವೆಯಾಗುವ ಜೆಸ್ಸಿಯಾಗಿ ಟ್ಯೂಸ್‌ಡೇ ವೆಲ್ಡ್, ಲಿಯೋ ಎಂಬ ಗ್ಯಾಂಗಿನ ಯಜಮಾನನಾಗಿ ರಾಬರ್ಟ್ ಪ್ರಾಸ್ಕಿ. ಅವಧಿ ಎರಡು ಗಂಟೆಗೆ ಸ್ವಲ್ಪ ಮೇಲೆ. 1981ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಗಿ, ಅದೇ ವರ್ಷ ಫ್ರಾನ್ಸಿನ ಕಾನ್ ಊರಿನ ಚಿತ್ರೋತ್ಸವದ ಸ್ಪರ್ಧೆಗೂ ಹೋಗಿತ್ತು.

ಕತೆ ಸರಳ. ಇಪ್ಪತ್ತರ ಆಸುಪಾಸಿನಲ್ಲಿ 40 ಡಾಲರ್ ಕದ್ದದ್ದಕ್ಕೆ ಒಳಗೆ ಹೋದವನು ಫ್ರ್ಯಾಂಕ್. ಜೈಲಿನಲ್ಲಿ ಜೀವ ಉಳಿಸಿಕೊಳ್ಳಲು ಮಾಡಿದ್ದಕ್ಕೆ ಶಿಕ್ಷೆ ಬೆಳೆಯುತ್ತ ಹೋಗಿ 11 ವರ್ಷ ಕಳೆದು ಹೊರಬಂದಿದ್ದಾನೆ. ಈಗ ಹಗಲಲ್ಲಿ ಹಳೇ ಕಾರು ಮಾರುವ ಅಂಗಡಿ, ಒಂದು ಬಾರ್. ರಾತ್ರಿ ತಿಜೋರಿ. ಪರ್ಸಿನಲ್ಲಿ ಒಂದು ಕಾಗದವಿದೆ: ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಜೈಲಿನಲ್ಲಿದ್ದಾಗ ಅಂಟಿಸಿ ಮಾಡಿಕೊಂಡದ್ದು. ಮನೆ, ಮಕ್ಕಳು, ಕಾರು, ತನಗೆ ಕಸುಬು ಕಲಿಸಿದ ಗುರು ಓಕ್ಲಾನ ಮುಖ. ಕಳೆದುಹೋದ ವರ್ಷಗಳ ಬಾಕಿಯನ್ನು ಒಂದೇ ಕಂತಿನಲ್ಲಿ ವಸೂಲು ಮಾಡಿ ಈ ಕಾಗದದಲ್ಲಿರುವುದನ್ನೆಲ್ಲ ಪಡೆಯಬೇಕು, ಆಮೇಲೆ ಕಳ್ಳತನ ಬಿಡಬೇಕು ಅನ್ನುವುದು ಅವನ ಲೆಕ್ಕ.

ನಮ್ಮಲ್ಲಿ ಒಂದು ಗಾದೆಯಿದೆ: ಹಂಗಿನ ಅರಮನೆಗಿಂತ ವಿಂಗಡದ ಗುಡಿಸಲು ಲೇಸು. 'ಥೀಫ್' ನಿಜವಾಗಿ ಹೇಳುವುದು ಈ ಹಂಗಿನ ಕತೆಯನ್ನು. ವಜ್ರ, ಬೆಂಕಿ, ನಿಯಾನ್ ದೀಪ ಎಲ್ಲ ಅದರ ಸುತ್ತ ಇರುವಂಥವು.

ಮೊದಲು ಕಸುಬಿನ ಮಾತು, ಯಾಕೆಂದರೆ ಈ ಚಿತ್ರ ಬೇರೆ ದರೋಡೆ ಚಿತ್ರಗಳಿಂದ ಬೇರೆಯಾಗುವುದು ಅಲ್ಲೇ. ತಿಜೋರಿಗೆ ಕಿವಿಯಿಟ್ಟು ಬೀಗ ತಿರುಗಿಸುವ ನಾಟಕ ಇಲ್ಲಿಲ್ಲ. ಆರಂಭದ ದೃಶ್ಯದಲ್ಲಿ ಫ್ರ್ಯಾಂಕ್ ಬಳಸುವುದು ಮ್ಯಾಗ್ನೆಟಿಕ್ ಡ್ರಿಲ್. ಫ್ಯಾಬ್ರಿಕೇಶನ್ ಶೆಡ್‌ಗಳಲ್ಲಿ ದುಡಿದವರು ಕಂಡ ಕೂಡಲೇ ಗುರುತು ಹಿಡಿಯುತ್ತಾರೆ. ಬುಡದಲ್ಲಿ ವಿದ್ಯುತ್ ಆಯಸ್ಕಾಂತ ಇರುತ್ತದೆ. ಸ್ವಿಚ್ ಹಾಕಿದರೆ ಉಕ್ಕಿಗೆ ಕಚ್ಚಿಕೊಳ್ಳುತ್ತದೆ, ಹಿಡಿಕೆ ತಿರುಗಿಸಿದಂತೆ ಬಿಟ್ ಒಂದೇ ಸಮ ಒತ್ತಡದಲ್ಲಿ ಒಳಕ್ಕಿಳಿಯುತ್ತದೆ. ಗಟ್ಟಿ ಉಕ್ಕಿನ ಮೇಲೆ ಕೈಡ್ರಿಲ್ ಹಿಡಿದರೆ ಕೈ ಅಲುಗಿ ಬಿಟ್ ಮುರಿಯುತ್ತದೆ, ಇಲ್ಲವೇ ಕಾದು ಮೊಂಡಾಗುತ್ತದೆ. ಜೇಮ್ಸ್ ಕಾನ್ ಇದನ್ನು ನಟಿಸುತ್ತಿಲ್ಲ, ಕಲಿತು ಮಾಡುತ್ತಿದ್ದಾರೆ. ಕಲಿಸಿದವರು ಜಾನ್ ಸ್ಯಾಂಟುಚಿ, ಶಿಕಾಗೋದ ನಿಜವಾದ ಕಳ್ಳ. ತೆರೆಯ ಮೇಲಿನ ಸಲಕರಣೆಗಳು ಕೂಡ ಅವರವೇ. ಹಿಡಿಕೆಯ ಮೇಲೆ ಭುಜದ ಭಾರ ಬೀಳುವ ರೀತಿ, ಬಿಟ್ ಆರಪಾರ ಹೋದ ಕ್ಷಣದಲ್ಲಿ ಕೈ ತಾನಾಗಿ ಸಡಿಲವಾಗುವುದು, ಇವೆಲ್ಲ ಕಲಿಯದೆ ಬರುವಂಥವಲ್ಲ.

ನಡುವಿನ ದೊಡ್ಡ ಕೆಲಸ ಲಾಸ್ ಏಂಜಲಿಸ್‌ನಲ್ಲಿ. ಅಲ್ಲಿನ ಸ್ಟ್ರಾಂಗ್‌ರೂಮಿನ ಬಾಗಿಲಿಗೆ ಡ್ರಿಲ್ ಸಾಲದು, ಥರ್ಮಲ್ ಲ್ಯಾನ್ಸ್ ಬೇಕು. ಇದು ನೋಡಲು ಬರೀ ಉದ್ದನೆಯ ಉಕ್ಕಿನ ಪೈಪು. ಒಳಗೆ ಕಬ್ಬಿಣದ ಸಣ್ಣ ಸರಳುಗಳನ್ನು ಒತ್ತೊತ್ತಾಗಿ ತುಂಬಿರುತ್ತಾರೆ, ಒಂದು ತುದಿಯಿಂದ ಆಮ್ಲಜನಕ ಹಾಯುತ್ತದೆ, ಇನ್ನೊಂದು ತುದಿಯನ್ನು ಕೆಂಪಗೆ ಕಾಯಿಸಿದರೆ ಕಬ್ಬಿಣವೇ ಉರಿಯಲು ಶುರುಮಾಡುತ್ತದೆ. ಗ್ಯಾಸ್ ಕಟಿಂಗ್ ಟಾರ್ಚ್‌ನಲ್ಲಿ ಉರಿಯುವುದು ಅನಿಲ, ಇಲ್ಲಿ ಉರಿಯುವುದು ಸಲಕರಣೆಯೇ. ಆದ್ದರಿಂದ ಪೈಪು ಗಳಿಗೆ ಗಳಿಗೆಗೂ ಗಿಡ್ಡವಾಗುತ್ತ ಹೋಗುತ್ತದೆ, ಕೆಲಸದ ನಡುವೆಯೇ ಬದಲಾಯಿಸಬೇಕು. ಆಮ್ಲಜನಕದ ಒತ್ತಡ ಇಳಿದರೆ ಕರಗಿದ ಕಿಟ್ಟ ಬಾಯಿಗೆ ಕಟ್ಟಿಕೊಂಡು ಆರಿಹೋಗುತ್ತದೆ. ಕರಗಿದ ಲೋಹ ಕೆಳಗೆ ಹರಿಯುವುದರಿಂದ ಅದು ಬೀಳುವ ಜಾಗದ ಬಗ್ಗೆಯೂ ಎಚ್ಚರ ಬೇಕು. ಉಕ್ಕಿನ ಕಾರ್ಖಾನೆಗಳಲ್ಲಿ ಕುಲುಮೆಯ ಬಾಯಿ ಗಟ್ಟಿಯಾಗಿ ಕಟ್ಟಿಕೊಂಡಾಗ ತೆರೆಯಲು ಬಳಸುವುದು ಇದೇ ವಿದ್ಯೆಯನ್ನು.

ಚಿತ್ರದಲ್ಲಿ ಈ ಕೆಲಸಕ್ಕೆ ಮೊದಲು ಒಂದು ಸಣ್ಣ ಭಾಗವಿದೆ, ಅವಸರದಲ್ಲಿ ನೋಡಿದರೆ ತಪ್ಪಿಹೋಗುತ್ತದೆ. ಫ್ರ್ಯಾಂಕ್ ಎರಕದ ಕೆಲಸ ಬಲ್ಲ ಹಿರಿಯನೊಬ್ಬನ ಹತ್ತಿರ ಹೋಗಿ, ಆ ಬಾಗಿಲಿನ ಲೋಹಕ್ಕೆ ತಕ್ಕ ಸರಳು ಮಾಡಿಕೊಡುವಂತೆ ಕೇಳುತ್ತಾನೆ. ಇಬ್ಬರು ಕಸುಬುದಾರರು ಎದುರುಬದುರು ಕೂತಾಗಿನ ಮಾತಿನ ಮಿತವ್ಯಯ, ಪರಸ್ಪರ ಗೌರವ ಅಲ್ಲಿದೆ. ಇಡೀ ಚಿತ್ರದಲ್ಲಿ ಫ್ರ್ಯಾಂಕ್ ನಿರಾಳವಾಗಿ ಉಸಿರಾಡುವುದು ಇಂಥವರ ಜೊತೆ ಮಾತ್ರ. ಆಮೇಲೆ ಬರುವ ಬೆಂಕಿಯ ದೃಶ್ಯ ನಿಜವಾದ ಬೆಂಕಿ: ಬೆಳ್ಳಿ ಬಣ್ಣದ ದಪ್ಪ ಉಡುಪು, ಮುಖಕ್ಕೆ ಕವಚ, ಪರದೆಯ ತುಂಬ ಕಿಡಿಗಳ ಮಳೆ. ಬಾಗಿಲು ಬಿದ್ದ ಮೇಲೆ ಫ್ರ್ಯಾಂಕ್ ಒಳಗೆ ಓಡುವುದಿಲ್ಲ. ಕವಚ ತೆಗೆದು, ಒಂದು ಕುರ್ಚಿಯ ಮೇಲೆ ಕುಸಿದು ಕೂತು, ಸಿಗರೇಟು ಹಚ್ಚಿ ತಾನು ಮಾಡಿದ ಕೆಲಸವನ್ನು ನೋಡುತ್ತಾನೆ. ವಜ್ರ ಎತ್ತಿಕೊಳ್ಳುವುದು ಜೊತೆಗಾರರ ಪಾಲಿಗೆ. ದುಡಿಮೆ ಮುಗಿದ ದಣಿವನ್ನು ಇಷ್ಟು ಗೌರವದಿಂದ ತೋರಿಸಿದ ದೃಶ್ಯ ಈ ಬಗೆಯ ಚಿತ್ರಗಳಲ್ಲಿ ಸಿಗುವುದು ಕಷ್ಟ.

ಪಾತ್ರವರ್ಗದಲ್ಲಿ ಮ್ಯಾನ್ ಒಂದು ಅದಲುಬದಲು ಮಾಡಿದ್ದಾರೆ. ಕಳ್ಳತನ ಕಲಿಸಿದ ಸ್ಯಾಂಟುಚಿ ಇಲ್ಲಿ ಲಂಚಕೋರ ಪೊಲೀಸ್ ಸಾರ್ಜೆಂಟ್. ಆಗ ಶಿಕಾಗೋ ಪೊಲೀಸ್ ಇಲಾಖೆಯಲ್ಲೇ ಇದ್ದ ಡೆನಿಸ್ ಫರೀನಾ ಲಿಯೋನ ಬಲಗೈ ಬಂಟನಾಗಿ ಬರುತ್ತಾರೆ. ಕಾಸು ಕೇಳುವ ಪೊಲೀಸರ ಮಾತಿನಲ್ಲಿ ಒಳಗಿನವರಿಗಷ್ಟೇ ಗೊತ್ತಿರುವ ಸಲುಗೆ ಇರುವುದು ಇದರಿಂದಲೇ. ಮಾಮೂಲಿ ಕೇಳುವಾಗ ಅವರು ಗದರುವುದಿಲ್ಲ, ಎಲ್ಲರೂ ಹಂಚಿಕೊಂಡು ತಿನ್ನೋಣ ಅನ್ನುವ ನೆಂಟಸ್ತಿಕೆಯ ಧಾಟಿ. ಫ್ರ್ಯಾಂಕ್ ಒಪ್ಪುವುದಿಲ್ಲ. ಅವನ ಕಾರಿಗೆ ಅವರು ಅಂಟಿಸಿದ ಜಾಡು ಹಿಡಿಯುವ ಯಂತ್ರವನ್ನು ಅವನು ಬೇರೆ ಊರಿಗೆ ಹೊರಟ ಬಸ್ಸಿಗೆ ಅಂಟಿಸಿ ಕಳಿಸುವುದು ಚಿತ್ರದ ಕೆಲವೇ ಹಗುರ ಗಳಿಗೆಗಳಲ್ಲಿ ಒಂದು. ಗುರು ಓಕ್ಲಾನಾಗಿ ಗಾಯಕ ವಿಲ್ಲಿ ನೆಲ್ಸನ್ ಇದ್ದಾರೆ. ಹೃದಯದ ಕಾಯಿಲೆ ಬಂದಿದೆ, ಜೈಲಿನಲ್ಲಿ ಸಾಯಬಾರದು ಅನ್ನುವುದೊಂದೇ ಅವನ ಬೇಡಿಕೆ. ತೆರೆಯ ಮೇಲಿರುವುದು ಕೆಲವೇ ನಿಮಿಷ. ಇನ್ನೂ ಎರಡು ದೃಶ್ಯ ಸಿಗಬೇಕಿತ್ತು ಅನ್ನಿಸುವಷ್ಟು ಚೆನ್ನಾಗಿ ಮಾಡಿದ್ದಾರೆ.

ಚಿತ್ರದ ಹೃದಯ ಇರುವುದು ಹೆದ್ದಾರಿಯ ಮೇಲೆ ಸೇತುವೆಯ ಹಾಗೆ ಕಟ್ಟಿದ ಒಂದು ರೆಸ್ಟೋರೆಂಟಿನಲ್ಲಿ. ಫ್ರ್ಯಾಂಕ್ ಮತ್ತು ಜೆಸ್ಸಿ ಕಿಟಕಿಯ ಪಕ್ಕ ಕೂತಿದ್ದಾರೆ. ಅವರ ಬೆನ್ನ ಹಿಂದೆ, ಕೆಳಗೆ, ವಾಹನಗಳ ದೀಪಗಳು ಹರಿಯುತ್ತಲೇ ಇರುತ್ತವೆ. ಹತ್ತು ನಿಮಿಷದಷ್ಟು ಉದ್ದದ ಮಾತುಕತೆ. ಜೈಲಿನಲ್ಲಿ ತನ್ನನ್ನು ಮುರಿಯಲು ಬಂದ ಗುಂಪಿನ ಕತೆ ಹೇಳುತ್ತಾನೆ. ಅವತ್ತು ಬದುಕಿ ಉಳಿದದ್ದು ಹೇಗೆ ಅಂದರೆ, ಯಾವುದೂ ಬೇಡ, ಯಾರೂ ಬೇಡ, ಪ್ರಾಣವೂ ಬೇಡ ಅನ್ನುವ ಸ್ಥಿತಿಗೆ ಮನಸ್ಸನ್ನು ತಂದುಕೊಂಡದ್ದರಿಂದ. ಎಲ್ಲವನ್ನೂ ಬಿಟ್ಟವನನ್ನು ಯಾರೂ ಹೆದರಿಸಲಾರರು. ಇಷ್ಟು ಹೇಳಿ ಅದೇ ಉಸಿರಿನಲ್ಲಿ ಪರ್ಸಿನಿಂದ ಆ ಮಡಚಿದ ಕಾಗದ ತೆಗೆದು ಅವಳ ಮುಂದಿಡುತ್ತಾನೆ. ಏನೂ ಬೇಡ ಅಂದಿದ್ದರಿಂದ ಬದುಕಿದವನು, ಎಲ್ಲವೂ ಬೇಕು ಅಂತ ಕೇಳುತ್ತಿದ್ದಾನೆ. ತನಗೆ ಮಕ್ಕಳಾಗುವುದಿಲ್ಲ ಅನ್ನುತ್ತಾಳೆ ಅವಳು. ದತ್ತು ತಗೊಳ್ಳೋಣ ಅನ್ನುತ್ತಾನೆ ಇವನು, ಯಂತ್ರಕ್ಕೆ ಬಿಡಿಭಾಗ ತರಿಸೋಣ ಅಂದಷ್ಟೇ ಸಲೀಸಾಗಿ.

ಕಾನ್ ಈ ಪಾತ್ರಕ್ಕೆ ಮಾಡಿಕೊಂಡ ಒಂದು ಏರ್ಪಾಡನ್ನು ಇಲ್ಲಿ ಕಿವಿಗೊಟ್ಟು ಕೇಳಬೇಕು. ಇಂಗ್ಲಿಷಿನಲ್ಲಿ ಮಾತಾಡುವಾಗ ಎಲ್ಲರೂ ಪದಗಳನ್ನು ಕೂಡಿಸಿ ನುಂಗಿಬಿಡುತ್ತಾರೆ, ಫ್ರ್ಯಾಂಕ್ ಹಾಗೆ ಮಾಡುವುದಿಲ್ಲ. ನಮ್ಮಲ್ಲಿ 'ಬರ್ತೀನಿ' ಅನ್ನುವ ಬದಲು ಒಬ್ಬ ಪ್ರತಿ ಸಲವೂ 'ಬರುತ್ತೇನೆ' ಅಂತ ಪೂರ್ತಿ ಉಚ್ಚರಿಸಿದರೆ ಹೇಗೋ ಹಾಗೆ. ಒಂದು ಸಲ ಹೇಳಿದ್ದು ಸ್ಪಷ್ಟವಾಗಿರಬೇಕು, ಎರಡನೇ ಸಲ ಹೇಳುವಂತಾಗಬಾರದು. ಹನ್ನೊಂದು ವರ್ಷ ಕಳೆದುಕೊಂಡವನಿಗೆ ಮಾತಿನಲ್ಲೂ ಪೋಲು ಮಾಡಲು ವ್ಯವಧಾನವಿಲ್ಲ. ತಾವು ಮಾಡಿದ ಕೆಲಸಗಳಲ್ಲಿ ಈ ದೃಶ್ಯದ ಬಗ್ಗೆ ತಮಗೆ ಹೆಚ್ಚು ಹೆಮ್ಮೆ ಅಂತ ಕಾನ್ ಹೇಳುತ್ತಿದ್ದರು. ಅದರಲ್ಲಿ ಅತಿಶಯವಿಲ್ಲ.

ಈಗ ಲಿಯೋ. ರಂಗಭೂಮಿಯಲ್ಲಿ ದಶಕಗಟ್ಟಲೆ ದುಡಿದ ಪ್ರಾಸ್ಕಿ ಐವತ್ತರ ವಯಸ್ಸಿನಲ್ಲಿ ಸಿನಿಮಾದ ದೊಡ್ಡ ಪಾತ್ರಕ್ಕೆ ಬಂದದ್ದು ಇದರಿಂದ. ದುಂಡು ಮುಖ, ಮೆತ್ತನೆಯ ದನಿ, ಮೊಮ್ಮಕ್ಕಳಿಗೆ ಪೆಪ್ಪರ್‌ಮಿಂಟು ಕೊಡುವ ಅಜ್ಜನ ಕಳೆ. ಕತೆ ಅವನ ಹತ್ತಿರ ಬರುವುದು ಫ್ರ್ಯಾಂಕ್‌ಗೆ ಬರಬೇಕಿದ್ದ 1.85 ಲಕ್ಷ ಡಾಲರ್‌ನ ನೆಪದಲ್ಲಿ. ಕದ್ದ ಮಾಲು ಕೊಳ್ಳುವವನನ್ನು ಯಾರೋ ಕಿಟಕಿಯಿಂದ ಕೆಳಗೆ ತಳ್ಳಿದ್ದಾರೆ, ದುಡ್ಡು ಬೇರೆಯವರ ಕೈ ಸೇರಿದೆ. ಲಿಯೋ ಆ ದುಡ್ಡನ್ನು ಜಗಳವಿಲ್ಲದೆ ಹಿಂದಿರುಗಿಸುತ್ತಾನೆ. ಮೊದಲ ಹಂಗು ಅದೇ. ಆಮೇಲೆ ನನಗಾಗಿ ಕೆಲಸ ಮಾಡು, ಜಾಗ ನಾನು ತೋರಿಸುತ್ತೇನೆ, ಮಾಲು ನಾನು ಮಾರುತ್ತೇನೆ, ನಿನ್ನ ತಂದೆಯ ಹಾಗೆ ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. ದತ್ತು ಕಚೇರಿಯಲ್ಲಿ ಜೈಲಿನ ಹಿನ್ನೆಲೆಯ ಕಾರಣಕ್ಕೆ ಫ್ರ್ಯಾಂಕ್‌ಗೆ ಬಾಗಿಲು ಮುಚ್ಚಿದಾಗ ಮಗುವನ್ನು ತಂದುಕೊಡುವವನೂ ಲಿಯೋ. ಮನೆಗೂ ಅವನದೇ ಕೈ. ಒಂದೊಂದಾಗಿ ಆ ಕಾಗದದ ಚಿತ್ರಗಳೆಲ್ಲ ನಿಜವಾಗುತ್ತವೆ, ಒಂದೊಂದರ ಬೆನ್ನಿಗೂ ಲಿಯೋನ ಸಹಿ ಇರುತ್ತದೆ.

ಫ್ರ್ಯಾಂಕ್ ಹಾಕಿದ ಷರತ್ತು ಒಂದು ಕೆಲಸ, ಆಮೇಲೆ ಬಿಡುಗಡೆ. ಮಾಲು 40 ಲಕ್ಷ ಡಾಲರ್ ಬೆಲೆಯ ಬಿಡಿ ವಜ್ರ, ತನ್ನ ಪಾಲು 8.30 ಲಕ್ಷ. ಕೆಲಸ ಮುಗಿಸಿ ಬಂದಾಗ ಲಕೋಟೆಯಲ್ಲಿ ಇರುವುದು ಒಂದು ಲಕ್ಷವೂ ಇಲ್ಲ. ಉಳಿದದ್ದನ್ನು ನಿನ್ನ ಹೆಸರಿನಲ್ಲಿ ಶಾಪಿಂಗ್ ಸೆಂಟರ್‌ಗಳಲ್ಲಿ ಹೂಡಿದ್ದೇನೆ ಅನ್ನುತ್ತಾನೆ ಲಿಯೋ. ಕೈಗೆ ಕೂಲಿ ಕೊಡದೆ ಖಾತೆಯಲ್ಲಿ ಬರೆದಿಟ್ಟುಕೊಂಡು ಆಳನ್ನು ಬಿಡದ ಧಣಿಯ ವಿದ್ಯೆ ಇದು. ಜೀತದ ಲೆಕ್ಕಪುಸ್ತಕ ಕಂಡ ನಾಡಿನವರಿಗೆ ವಿವರಿಸಬೇಕಾಗಿಲ್ಲ. ಗ್ಯಾಂಗ್‌ಸ್ಟರ್ ಚಿತ್ರದ ವೇಷದಲ್ಲಿ ಮ್ಯಾನ್ ಹೇಳಿರುವುದು ಕೂಲಿಯ ಕತೆ. ಕೌಶಲ ಫ್ರ್ಯಾಂಕ್‌ನದು, ಅಪಾಯ ಅವನದು, ಮಾಲು ಮಾರುವ ದಾರಿ ಮಾತ್ರ ಇನ್ನೊಬ್ಬನ ಕೈಯಲ್ಲಿದೆ.

ಕೊರತೆಗಳಿವೆ. ಜೆಸ್ಸಿಯ ಪಾತ್ರ ಬರವಣಿಗೆಯಲ್ಲಿ ತೆಳು. ಎರಡು ಗಂಟೆ ತಡವಾಗಿ ಬಂದು ಅವಳನ್ನು ಬಾರಿನಿಂದ ಎಳೆದುಕೊಂಡು ಕಾರಿಗೆ ಹತ್ತಿಸುವ ಫ್ರ್ಯಾಂಕ್‌ನನ್ನು ಅವಳು ಅದೇ ರಾತ್ರಿ ಮದುವೆಯಾಗಲು ಒಪ್ಪುವುದು ಟ್ಯೂಸ್‌ಡೇ ವೆಲ್ಡ್ ಅವರ ದಣಿದ ಕಣ್ಣುಗಳ ಬಲದಿಂದ ಮಾತ್ರ ನಂಬುವಂತಾಗುತ್ತದೆ. ಮದುವೆಯ ನಂತರ ಅವಳಿಗೆ ತನ್ನದು ಅನ್ನುವ ಒಂದು ನಿರ್ಧಾರವೂ ಇಲ್ಲ. ಹಂಗಿನ ವಿಷಯವನ್ನು ಇಷ್ಟು ಚೆನ್ನಾಗಿ ಬಲ್ಲ ಚಿತ್ರ, ಫ್ರ್ಯಾಂಕ್ ಅವಳನ್ನು ಇಡುವುದೂ ಅದೇ ಹಂಗಿನಲ್ಲಿ ಅನ್ನುವುದನ್ನು ಗಮನಿಸಿ ಮುಂದೆ ಹೋಗಿಬಿಡುತ್ತದೆ, ನಿಂತು ನೋಡುವುದಿಲ್ಲ. ಇದು ನಿಜವಾದ ನಷ್ಟ.

ಸಂಗೀತ ಬರ್ಲಿನ್‌ನ ಟ್ಯಾಂಜರೀನ್ ಡ್ರೀಮ್ ತಂಡದ್ದು, ಪೂರ್ತಿ ಸಿಂಥಸೈಜರ್. ಶಿಕಾಗೋ ಬ್ಲೂಸ್ ಸಂಗೀತದ ಊರು, ಮೈಟಿ ಜೋ ಯಂಗ್ ಅವರ ವಾದ್ಯಗೋಷ್ಠಿ ಚಿತ್ರದ ಬಾರಿನಲ್ಲಿ ಕಾಣಿಸಿಕೊಳ್ಳುತ್ತದೆ ಕೂಡ. ಆದರೂ ಹಿನ್ನೆಲೆಗೆ ಮ್ಯಾನ್ ಆರಿಸಿದ್ದು ಯಂತ್ರದ ನಾದ. ಆಗ ಇದನ್ನು ಮೆಚ್ಚದವರು ಬಹಳ. ವರ್ಷದ ಕೆಟ್ಟ ಸಂಗೀತಕ್ಕೆಂದು, ಕಳಪೆ ಸಿನಿಮಾಗಳಿಗೆ ಅಣಕದ ಪ್ರಶಸ್ತಿ ಕೊಡುವ ರ‍್ಯಾಝಿಯವರು ನಾಮನಿರ್ದೇಶನ ಮಾಡಿದ್ದರು. ಆ ತೀರ್ಪು ತಪ್ಪು. ಡ್ರಿಲ್ಲಿನ ಮೊರೆತ ಎಲ್ಲಿ ಮುಗಿದು ಸಿಂಥಸೈಜರ್ ಎಲ್ಲಿ ಶುರುವಾಯಿತು ಅಂತ ಗೊತ್ತಾಗದ ಹಾಗೆ ಬೆಸೆದುಕೊಂಡಿದೆ. ಕೆಲಸದಲ್ಲಿ ಮುಳುಗಿದವನ ಕಿವಿಗೆ ಲೋಕ ಕೇಳುವುದು ಹಾಗೆಯೇ. ಲಾಸ್ ಏಂಜಲಿಸ್ ಕೆಲಸದ ನಂತರ ಎಲ್ಲರೂ ಕಡಲಿಗಿಳಿಯುವ ದೃಶ್ಯದಲ್ಲಿ ಮಾತ್ರ ಅದೇ ಸಂಗೀತ ಮೃದುವಾಗುತ್ತದೆ, ಅಷ್ಟು ಹೊತ್ತು ಮಾತ್ರ ಫ್ರ್ಯಾಂಕ್ ನಗುತ್ತಾನೆ. ಕೊನೆಯ ಗುಂಡಿನ ಕಾಳಗಕ್ಕೆ ಬರುವುದು ಈ ತಂಡದ್ದಲ್ಲ, ಕ್ರೇಗ್ ಸೇಫನ್ ಅವರ ಗಿಟಾರ್ ತುಂಬಿದ ರಚನೆ. ಅದು ಉಳಿದದ್ದಕ್ಕಿಂತ ಹಳತಾಗಿ ಕೇಳುತ್ತದೆ.

ಛಾಯಾಗ್ರಹಣ ಡೊನಾಲ್ಡ್ ಥೋರಿನ್ ಅವರದು. ಬೀದಿಗಳಿಗೆ ನೀರು ಹೊಡೆದು, ದೀಪಗಳು ಡಾಂಬರಿನಲ್ಲಿ ಕನ್ನಡಿಯಂತೆ ಹೊಳೆಯುವ ಹಾಗೆ ಮಾಡಿದ್ದಾರೆ. ಕಾರಿನ ಬಾನೆಟ್ ಮೇಲೆ ಬೀದಿದೀಪಗಳು ಸಾಲಾಗಿ ಜಾರಿಹೋಗುವ ಒಂದು ಚಿತ್ರಿಕೆಯಲ್ಲೇ ಈ ಊರು ಸುರಂಗದಂತೆ ಕಾಣುತ್ತದೆ. ಶಿಕಾಗೋದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಫ್ರ್ಯಾಂಕ್‌ನ ಬಾರ್ ಆಗಿ ಕಾಣುವ ಗ್ರೀನ್ ಮಿಲ್ ಲಾರೆನ್ಸ್ ಮತ್ತು ಬ್ರಾಡ್‌ವೇ ಬೀದಿಗಳು ಕೂಡುವಲ್ಲಿ ಇವತ್ತಿಗೂ ಇದೆ, ಜಾಝ್ ಕೇಳಲು ಜನ ಹೋಗುತ್ತಾರೆ.

ನೋಡುವವರಿಗೆ ಕೆಲವು ಪ್ರಾಯೋಗಿಕ ಮಾತು. ಕತ್ತಲು ಹೆಚ್ಚಿರುವ ಚಿತ್ರ, ಹಗಲು ಬೆಳಕು ಬೀಳುವ ಕೋಣೆಯಲ್ಲಿ ನೋಡಿದರೆ ಅರ್ಧ ಕಾಣುವುದೇ ಇಲ್ಲ. ಟಿವಿಯಲ್ಲಿ ಚಲನೆಯನ್ನು ನಯಗೊಳಿಸುವ ಮೋಷನ್ ಸ್ಮೂದಿಂಗ್ ಆಯ್ಕೆಯನ್ನು ಆಫ್ ಮಾಡಿಬಿಡಿ, ಇಲ್ಲದಿದ್ದರೆ ಮಳೆ, ಕಿಡಿ ಎರಡೂ ಧಾರಾವಾಹಿಯ ಹಾಗೆ ಕಾಣುತ್ತವೆ. ಶಿಕಾಗೋ ಬೀದಿ ಮಾತು ವೇಗ, ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳುವುದು ಒಳ್ಳೆಯದು. ಮಂದ್ರದ ನಾದ ಹೆಚ್ಚಿರುವುದರಿಂದ ಫೋನಿನ ಸ್ಪೀಕರ್ ಬೇಡ, ಹೆಡ್‌ಫೋನ್ ಇರಲಿ. ಸಿನಿಮಾ ಡಿಸ್ಕ್‌ಗಳನ್ನು ಹೊರತರುವ ಅಮೆರಿಕದ ಕಂಪನಿ ಕ್ರೈಟೀರಿಯನ್ 2014ರಲ್ಲಿ ತಂದ ಬ್ಲೂರೇ, ಮ್ಯಾನ್ ಅವರೇ ಒಪ್ಪಿದ 4ಕೆ ಪುನರುಜ್ಜೀವಿತ ಪ್ರತಿಯಿಂದ ಮಾಡಿದ್ದು. ಹಳೆಯ ಡಿವಿಡಿಗಿಂತ ಅದರಲ್ಲಿ ನೀಲಿ-ಹಸಿರು ಛಾಯೆ ಹೆಚ್ಚು. ತರಿಸಿಕೊಳ್ಳುವ ಮುನ್ನ ಒಂದು ಎಚ್ಚರ: ಕ್ರೈಟೀರಿಯನ್‌ನ ಅಮೆರಿಕದ ಬ್ಲೂರೇಗಳು ಎ ವಲಯದವು, ಭಾರತ ಸಿ ವಲಯದಲ್ಲಿದೆ. ಇಲ್ಲಿ ಕೊಂಡ ಸಾಮಾನ್ಯ ಪ್ಲೇಯರ್‌ನಲ್ಲಿ ಅದು ಓಡದೆ ದುಡ್ಡು ದಂಡವಾಗುತ್ತದೆ, ಎಲ್ಲ ವಲಯಗಳನ್ನೂ ಓದುವ ಪ್ಲೇಯರ್ ಬೇಕು. ಬೈಗುಳ, ರಕ್ತ, ಹೆಂಗಸರ ಬಗ್ಗೆ ಕ್ರೂರ ಬೆದರಿಕೆ ಇವೆ, ಮಕ್ಕಳ ಜೊತೆ ಕೂತು ನೋಡುವ ಚಿತ್ರವಲ್ಲ.

ಇಲ್ಲಿಂದ ಮುಂದೆ ಕೊನೆಯ ಭಾಗದ ಮಾತು. ನೋಡದವರು ಚಿತ್ರ ನೋಡಿ ಬಂದು ಓದಬಹುದು.

ಫ್ರ್ಯಾಂಕ್ ತನ್ನ ದುಡ್ಡು ಕೇಳಲು ಹೋದ ಮೇಲೆ ಅಜ್ಜನ ಮುಖವಾಡ ಕಳಚುತ್ತದೆ. ಅಲಾರಂ ಕೆಲಸದಲ್ಲಿ ಪಳಗಿದ ಗೆಳೆಯ ಬ್ಯಾರಿಯನ್ನು ಕೊಲ್ಲುತ್ತಾರೆ, ಫ್ರ್ಯಾಂಕ್‌ನನ್ನು ಹೊಡೆದು ನೆಲಕ್ಕೆ ಕೆಡವುತ್ತಾರೆ. ಕ್ಯಾಮೆರಾ ಅವನ ಕಣ್ಣಾಗಿ ಕೆಳಗಿನಿಂದ ನೋಡುತ್ತದೆ, ಮೇಲೆ ಲಿಯೋನ ಮುಖ. ನಿನ್ನ ಮನೆ ನನ್ನದು, ಹೆಂಡತಿ ಮಗು ನನ್ನ ಕೃಪೆ, ನಾನು ಸಾಕು ಅನ್ನುವ ತನಕ ದುಡಿ ಅನ್ನುತ್ತಾನೆ. ಪ್ರಾಸ್ಕಿ ದನಿ ಏರಿಸುವುದಿಲ್ಲ. ಬಾಡಿಗೆ ಬಾಕಿ ನೆನಪಿಸುವ ಮನೆ ಯಜಮಾನನ ದನಿ ಅದು, ಅದಕ್ಕೇ ಮೈ ಜುಮ್ಮೆನ್ನುತ್ತದೆ.

ರೆಸ್ಟೋರೆಂಟಿನಲ್ಲಿ ಹೇಳಿದ ಜೈಲಿನ ಪಾಠಕ್ಕೆ ಫ್ರ್ಯಾಂಕ್ ವಾಪಸು ಹೋಗುವುದು ಆಗ. ಯಾವುದನ್ನು ತೋರಿಸಿ ಹೆದರಿಸುತ್ತಾರೋ ಅದನ್ನೆಲ್ಲ ತಾನೇ ಇಲ್ಲವಾಗಿಸುತ್ತಾನೆ. ಜೆಸ್ಸಿಯ ಕೈಗೆ ದುಡ್ಡು ಕೊಟ್ಟು, ಮಗುವಿನ ಜೊತೆ ರಾತ್ರೋರಾತ್ರಿ ಹೊರಗೆ ಕಳಿಸುತ್ತಾನೆ. ಅವಳು ಅತ್ತರೂ ಮುಖ ಕರಗುವುದಿಲ್ಲ. ಮನೆ ಸ್ಫೋಟಿಸುತ್ತಾನೆ, ಬಾರ್ ಸ್ಫೋಟಿಸುತ್ತಾನೆ, ಕಾರುಗಳ ಸಾಲಿಗೆ ಬೆಂಕಿ ಇಡುತ್ತಾನೆ. ಆ ಬೆಂಕಿಯ ಮುಂದೆ ನಿಂತು ಪರ್ಸಿನ ಕಾಗದ ತೆಗೆದು, ಮುದುರಿ ಎಸೆಯುತ್ತಾನೆ. ಆಮೇಲೆ ಲಿಯೋನ ಮನೆ. ಬಂದೂಕು ಹಿಡಿಯುವುದನ್ನೂ ಕಾನ್ ಗುರುಗಳ ಹತ್ತಿರ ಕಲಿತಿದ್ದರು: ಪಿಸ್ತೂಲು ಎದೆಮಟ್ಟದಲ್ಲಿ, ಎರಡು ಕೈಯಲ್ಲಿ, ಪ್ರತಿ ಬಾಗಿಲನ್ನೂ ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ನೋಡುತ್ತ ಸಾಗುವ ಹೆಜ್ಜೆ. ತಿಜೋರಿ ಮುಂದೆ ಕೂತಾಗ ಇದ್ದ ಅದೇ ಏಕಾಗ್ರತೆ. ಎಲ್ಲ ಮುಗಿದ ಮೇಲೆ ಗಾಯಗೊಂಡವನು ಅಂಗಳದಲ್ಲಿ ಎದ್ದು ನಿಲ್ಲುತ್ತಾನೆ, ಜಾಕೆಟ್ ಸರಿಸಿ ಒಳಗಿನ ಗುಂಡುನಿರೋಧಕ ಕವಚ ನೋಡಿಕೊಳ್ಳುತ್ತಾನೆ, ಮರಗಳ ಕೆಳಗಿನ ಕತ್ತಲ ಬೀದಿಯಲ್ಲಿ ಒಬ್ಬನೇ ನಡೆದು ಹೋಗುತ್ತಾನೆ.